ಒಂದೇ ತೆನೆಯ ಗೇಟು

ನಿನ್ನೆ ಅಫಜಲಪುರದ ಬಸ್ಸಿನಲ್ಲಿ ನನಗೊಂದು ಜೋಳದ ತೆನೆ ಬಂತು. ಸಿಮೆಂಟ್ ಚೀಲದಲ್ಲಿ ಸುತ್ತಿ, ಸುತಳಿ ಬಿಗಿದು, ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಇಳಿಸುತ್ತ ಅವನು, "ತೆನಿ ಅಂತ ಹೇಳ್ಯಾರ್ರಿ, ಕಲ್ಲಿನಂಗ ವಜ್ಜ ಅದಲ್ರಿ" ಅಂದ. ಕಬ್ಬಿಣದ ತೆನೆ ಮತ್ತೆ ಹೇಗಿರಬೇಕು. ಚೀಲ ಬಿಚ್ಚಿದಾಗ ಇನ್ನೂ ಸರಿಯಾಗಿ ಒಣಗದ ರೆಡ್ ಆಕ್ಸೈಡ್ ಬಣ್ಣದ ವಾಸನೆ. ನಿಮಗೆ ಶಾಲೆ ಅಂದರೆ ಸೀಮೆಸುಣ್ಣದ ವಾಸನೆ ನೆನಪಾಗಬಹುದು. ನಾನು ಏಳನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವನು. ನನ್ನ ಶಾಲೆಯ ವಾಸನೆ ಇದು.

ಆ ಶಾಲೆ ಅಂದರೆ ಉಸ್ತಾದರ ವೆಲ್ಡಿಂಗ್ ಅಂಗಡಿ, ಇದೇ ಊರಿನ ತೊಗರಿ ಅಡತಿ ಅಂಗಡಿಗಳ ಹಿಂದೆ. ಗೇಟಿಗೆ, ಕಿಟಕಿಗೆ ಅವರು ಹಾಕುತ್ತಿದ್ದ ಮಾವಿನಕಾಯಿ ಡಿಸೈನು ಜೇವರ್ಗಿ ತನಕ ಹೆಸರಾಗಿತ್ತು. ದಪ್ಪ ಕಬ್ಬಿಣದ ತಗಡಿನ ಮೇಲೆ ಗೂಟಗಳನ್ನು ಬೆಸೆದು ಅದಕ್ಕೊಂದು ಅಚ್ಚು ಮಾಡಿಕೊಂಡಿದ್ದರು. ಫರ್ಮಾ ಅನ್ನುತ್ತೇವೆ ನಾವು. ಆ ಗೂಟಗಳ ಸುತ್ತ ಕಬ್ಬಿಣದ ಸಳಿ ಬಗ್ಗಿಸಿದರೆ ಮಾವಿನಕಾಯಿ. ಬೇರೆ ಅಂಗಡಿಯವರು ಬಂದು ಕೇಳಿದರೆ ಉಸ್ತಾದರು ಫರ್ಮಾ ಕೊಟ್ಟೇಬಿಡುತ್ತಿದ್ದರು. ಸ್ವಂತ ಮನೆಗೆ ಮಾಡಿಕೊಂಡರೆ ಪುಕ್ಕಟೆ, ಮಾರಲು ಮಾಡಿದರೆ ಗೇಟಿಗೆ ಇಷ್ಟು ಅಂತ ಪಾಲು. ಆದರೆ ಯಾರೇ ಒಯ್ಯಲಿ, ಅದರ ಮೇಲೆ ಬಗ್ಗಿಸಿದ ಮೊದಲ ಮಾವಿನಕಾಯಿ ಉಸ್ತಾದರಿಗೆ ಬರಬೇಕು. ಇದು ಮಾತ್ರ ತಪ್ಪುವಂತಿರಲಿಲ್ಲ.

ನನಗೆ ಹೊಟ್ಟೆ ಉರಿಯುತ್ತಿತ್ತು. "ಉಸ್ತಾದ್, ನಿಮ್ಮ ಅನ್ನ ನೀವೇ ಹಂಚಾಕತ್ತೀರಲ್ರಿ" ಅಂದೆ ಒಮ್ಮೆ.

ಅವರು ಕೆಲಸದಿಂದ ತಲೆ ಎತ್ತಲಿಲ್ಲ. "ಪುಕ್ಕಟ ಕೊಟ್ರ ಕಿಮ್ಮತ್ ಇರಂಗಿಲ್ಲ. ಕೊಡಲಿಲ್ಲಂದ್ರ ಕದೀತಾರ. ನಡುವ ಒಂದು ದಾರಿ ಅದ, ಬೇಟಾ. ನೀ ಮೊದಲು ಆ ಸಳಿ ಹಿಡಿ."

ಬಂದ ಮಾವಿನಕಾಯಿಗಳನ್ನೆಲ್ಲ ತಮ್ಮ ಮನೆಯ ಗೇಟಿಗೆ ಬೆಸೆಯುತ್ತಿದ್ದರು. ಒಂದರ ಹೊಟ್ಟೆ ದಪ್ಪ, ಇನ್ನೊಂದರ ಮೂತಿ ಸೊಟ್ಟ. ಸಂಜೆ ಅದರ ಮುಂದೆ ಸ್ಟೂಲು ಹಾಕಿ ಕೂತು ನನಗೆ ತೋರಿಸುವರು: "ಇದು ಇಜೇರಿ ಊರಾಂವಂದು, ಬರೇ ಅವಸರ. ಇದು ನೋಡು, ಸಳಿಗೆ ನೋವಾದೀತು ಅಂತ ಬಗ್ಗಸ್ಯಾನ. ಫರ್ಮಾ ನಂದು, ಕೈ ಅವರ್ದು." ನನ್ನ ಕಣ್ಣಿಗೆ ಅದು ಬರೀ ಸೊಟ್ಟ ಗೇಟು.

ಮುಂದೆ ನಾನೇ ಅಂಗಡಿ ಹಾಕಿದೆ. ಜೋಳದ ತೆನೆಯ ಡಿಸೈನು ನಾನು ನೆಲದ ಮೇಲೆ ಬರೆದು, ಅಳಿಸಿ, ಮತ್ತೆ ಬರೆದು ಕೂಡಿಸಿದ್ದು. ಎರಡು ಬದಿ ಎಲೆ, ನಡುವೆ ತೆನೆ. ಕೊನೆಯಲ್ಲಿ ಕೈಯಿಂದ ಎಳೆದು ಅದನ್ನು ಬಲಕ್ಕೆ ತುಸು ವಾಲಿಸಬೇಕು. ಗಿರಾಕಿಗಳು ಅದಕ್ಕಾಗಿಯೇ ಹುಡುಕಿಕೊಂಡು ಬಂದರು, ನನ್ನ ಒಲೆ ಉರಿದದ್ದು ಅದರಿಂದಲೇ. ಫರ್ಮಾವನ್ನು ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕುತ್ತಿದ್ದೆ. ಉಸ್ತಾದರ ಹತ್ತಿರ ಎಲ್ಲ ಕಲಿತೆ, ಅದೊಂದು ಬಿಟ್ಟು.

ಹೋದ ಮಳೆಗಾಲದಲ್ಲಿ ಗಾಣಗಾಪುರಕ್ಕೆ ಹೋಗಿದ್ದೆ. ಒಂದು ಲಾಡ್ಜಿನ ಬಾಲ್ಕನಿಯಲ್ಲಿ ನನ್ನ ತೆನೆಗಳು ಸಾಲಾಗಿ ನಿಂತಿದ್ದವು. ನಾನು ಮಾಡಿದ ಯಾವುದೋ ಗೇಟಿನ ಬುಡದಲ್ಲಿ ಕೂತು ಫೋಟೊ ತೆಗೆದು, ಆ ಫೋಟೊ ನೋಡಿ ಯಾರೋ ಮಾಡಿದ್ದಾರೆ. ದಂಟು ಉದ್ದ, ತೆನೆ ಗಿಡ್ಡ. ನೋಡಿದವರು ಬದನೆಕಾಯಿ ಅನ್ನಬೇಕು. ಕದ್ದದ್ದಕ್ಕಿಂತ ಕೆಡಿಸಿದ್ದಕ್ಕೆ ನನಗೆ ಸಿಟ್ಟು. ಮಾಡಿದವನ ಹೆಸರು ಶರಣಪ್ಪ, ಅಂಗಡಿ ಅಫಜಲಪುರ ಎಂದು ತಿಳಿದುಕೊಂಡು ಅಲ್ಲಿಗೇ ಹೋದೆ.

"ಗಾಣಗಾಪುರದಾಗಿನ ಬದನಿಕಾಯಿ ನಿಂದೇನಪಾ?"

ಅವನಿಗೆ ಗುರುತು ಹತ್ತಿತು. "ಆಳಂದದ ತೆನಿಯವರೇನು? ಕೂಡ್ರಿ ಅಣ್ಣಾ. ಬೈರಿ, ಆದ್ರ ಚಾ ಕುಡದು ಬೈರಿ."

"ಒಂದು ಮಾತು ಕೇಳಬೇಕಿಲ್ಲೇನು?"

"ಕೇಳಿದ್ರ ಕೊಡ್ತಿದ್ರೇನ್ರಿ?"

ಚಾ ಬಂತು. ಅಂಗಡಿಯ ಮೂಲೆಯಲ್ಲಿ ಬಗ್ಗಿಸಿ ಬಿಸಾಕಿದ ತೆನೆಗಳ ಗುಂಪೇ ಬಿದ್ದಿತ್ತು. ಪಾಪ, ಸರಿಬರಲೆಂದು ಹೆಣಗಿದ್ದ. ಕೊಡಲಿಲ್ಲಂದ್ರ ಕದೀತಾರ ಎಂದ ಉಸ್ತಾದರ ದನಿ ನನ್ನ ಕಿವಿಯಲ್ಲಿ. ಫರ್ಮಾ ಕೊಟ್ಟರೆ ನನ್ನ ಗಿರಾಕಿ ಇವನ ಕಡೆ ತಿರುಗಬಹುದು. ಕೊಡದಿದ್ದರೆ ಊರೂರಿಗೆ ಬದನೆಕಾಯಿ.

"ಫರ್ಮಾ ಕೊಡ್ತೇನಿ. ಮಾರಿದ್ದಕ್ಕ ಪಾಲು ಕೊಡಬೇಕು. ಮೊದಲ್ನೇ ತೆನಿ ನನಗ ಕಳಸಬೇಕು."

"ಪಾಲು ಸರಿರಿ. ತೆನಿ ಯಾಕ್ರಿ, ನಿಮ್ಮಲ್ಲೇನು ಬರಗಾಲೇನು?"

"ಕಳಸಪಾ, ನೋಡೂಣು."

ಪಾಲಿನ ಹಣ ಮೊನ್ನೆ ಫೋನಿಗೆ ಬಂದಿತ್ತು. ನಿನ್ನೆ ಬಂದದ್ದು ಈ ತೆನೆ. ಎಡಕ್ಕೆ ವಾಲಿದೆ. ಶರಣಪ್ಪ ಎಡಚ, ಚಾ ಕೊಟ್ಟದ್ದೂ ಎಡಗೈಯಲ್ಲೇ. ತಿದ್ದೋಣವೆಂದು ಸುತ್ತಿಗೆ ಎತ್ತಿದೆ, ಹಾಗೇ ಕೆಳಗಿಟ್ಟೆ. ಹೊಲದಲ್ಲಿ ಗಾಳಿ ಒಂದೇ ಕಡೆಯಿಂದ ಬೀಸುತ್ತದೆಯೇ?

ನನ್ನ ಮನೆಗೆ ಇವತ್ತಿನವರೆಗೂ ಗೇಟಿರಲಿಲ್ಲ. "ಊರ ಮಂದಿಗೆಲ್ಲ ಗೇಟು, ನಮಗ ತಟ್ಟಿ" ಎಂದು ಹೆಂಡತಿ ಅನ್ನುತ್ತಲೇ ಇದ್ದಳು. ಈ ಬೆಳಿಗ್ಗೆ ಬರೀ ಚೌಕಟ್ಟು ಮಾಡಿ, ನಟ್ಟನಡುವೆ ಒಂದು ಸಳಿ ಕೊಟ್ಟು ಅದಕ್ಕೆ ಆ ತೆನೆ ಬೆಸೆದು, ಬಿದಿರ ತಟ್ಟಿ ಕಿತ್ತು ಗೇಟು ನಿಲ್ಲಿಸಿದೆ. ಅವಳು ಹೊರಗೆ ಬಂದು ನೋಡಿದಳು.

"ಒಂದು ತೆನಿಗೆ ಗೇಟ್ ಅಂತಾರೇನ್ರಿ?"

"ಜೇವರ್ಗಿಯಾಂವನೂ ಫರ್ಮಾ ಕೇಳ್ಯಾನ. ಇನ್ನೂ ತೆನಿ ಬರ್ತಾವ, ತಡಿ."

ಅಷ್ಟರಲ್ಲಿ ಮಗ್ಗುಲ ಮನೆಯ ಆಡು ಬಂತು. ಖಾಲಿ ಚೌಕಟ್ಟಿನೊಳಗಿಂದ ಸಲೀಸಾಗಿ ದಾಟಬಹುದಿತ್ತು. ದಾಟಲಿಲ್ಲ, ನಡುವೆಯೇ ನಿಂತು, ಶರಣಪ್ಪನ ತೆನೆಗೆ ಬಾಯಿ ಹಾಕಿತು.