ಅರ್ಧ ನೋಡಿ ಕೊಯ್ದರು

ಕೋಪ ಬಂದರೆ ನನ್ನ ಅತ್ತೆಯ ಎಡಗಿವಿ ಮೊದಲು ಕೆಂಪಾಗುತ್ತಿತ್ತು. ಬಲಗಿವಿ ಇದ್ದ ಹಾಗೇ ಇರುತ್ತಿತ್ತು. ಮದುವೆಯಾಗಿ ಹುಲ್ಲಹಳ್ಳಿ ಹತ್ತಿರದ ಆ ಮನೆಗೆ ಬಂದ ಮೊದಲ ವಾರದಲ್ಲೇ ಇದನ್ನು ಕಂಡುಕೊಂಡೆ. ಬೆಳಿಗ್ಗೆ ಎದ್ದರೆ ಅವರ ಮುಖಕ್ಕಿಂತ ಮೊದಲು ಕಿವಿ ನೋಡುತ್ತಿದ್ದೆ. ಕೆಂಪಗಿದ್ದರೆ ಪೊರಕೆ ಹಿಡಿದು ಅಂಗಳಕ್ಕೆ ಹೋಗಿಬಿಡುವುದು ಕ್ಷೇಮವಾಗಿತ್ತು.

ನಾನು ಟಿ. ನರಸೀಪುರದವಳು. ನನಗೆ ಅಡುಗೆಗಿಂತ ಮಾತು ಚೆನ್ನಾಗಿ ಬರುತ್ತಿತ್ತು. "ಏನಮ್ಮಿ ಇದು, ಈರುಳ್ಳಿ ಕುಯ್ದಿದ್ದೀಯೋ, ಸೌದೆ ಸೀಳಿದ್ದೀಯೋ?" ಎಂದು ಅವರು ಶುರು ಮಾಡಿದರೆ ನಾನೂ ಸುಮ್ಮನಿರುತ್ತಿರಲಿಲ್ಲ. "ಎರಡು ಒಳೆ ನೀರು ಕುಡ್ದೋಳು ಕಣವ್ವ ಇವ್ಳು, ಬಾಯೂ ಎರಡವೆ" ಎಂದು ಪಕ್ಕದ ಮನೆಗೆ ಕೇಳುವಂತೆ ಹೇಳುತ್ತಿದ್ದರು. ನಮ್ಮೂರಲ್ಲಿ ಕಾವೇರಿ, ಕಪಿಲೆ ಎರಡೂ ಸೇರುತ್ತವಲ್ಲ, ಅದಕ್ಕೆ. ಅವರನ್ನು ಒಳ್ಳೆಯ ಅತ್ತೆ ಎಂದು ಹೊಗಳಲು ನಾನು ಕೂತಿಲ್ಲ. ತುಪ್ಪದ ಡಬ್ಬಿಯನ್ನು ನನ್ನ ಕೈಗೆ ಸಿಗದಂತೆ ಅಟ್ಟದ ಮೇಲೆ ಇಡುತ್ತಿದ್ದರು. ಆದರೆ ನಾನು ಬಸುರಿ ಎಂದು ಗೊತ್ತಾದ ದಿನ ಆ ಡಬ್ಬಿ ತಾನಾಗಿ ಇಳಿದು ನನ್ನ ತಟ್ಟೆಯ ಪಕ್ಕಕ್ಕೆ ಬಂತು. 

ಅವರ ಕಾಯಿಲೆಯೂ ಅದೇ ಹೊತ್ತಿಗೆ ಗೊತ್ತಾಯಿತು. ಮುಟ್ಟು ನಿಂತು ವರ್ಷಗಳಾಗಿದ್ದ ಹೆಂಗಸು ಯಾರಿಗೂ ಕಾಣದಂತೆ ಬಚ್ಚಲಲ್ಲಿ ಬಟ್ಟೆ ಒಗೆಯುತ್ತಿದ್ದುದನ್ನು ನಾನು ನೋಡಿದೆ. ಕೇಳಿದ್ದಕ್ಕೆ "ಉಷ್ಣ ಕಣಮ್ಮಿ, ಓಯ್ತದೆ" ಎಂದರು. ಜಗಳ ಮಾಡಿಯೇ ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಂದ ಮೈಸೂರಿಗೆ ಕಳಿಸಿದರು. ಮೈಸೂರಿನ ಲೇಡಿ ಡಾಕ್ಟರು ಚೂರು ಮಾಂಸ ತೆಗೆದು ಪರೀಕ್ಷೆ ಮಾಡಿಸಿ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದರು. ಶುರುವಿನ ಹಂತವೇ ಇರಬಹುದು, ಆದರೆ ಬರೀ ಕೈಯಲ್ಲಿ ಮುಟ್ಟಿ ನೋಡಿ ಹಾಗೆಂದು ನಂಬುವಂತಿಲ್ಲ ಎಂದರು.

"ಎರಡು ಸ್ಕ್ಯಾನ್ ಆಗ್ಬೇಕು. ಕಾಯಿಲೆ ದೂರಕ್ಕೆ ಎಲ್ಲಾದ್ರೂ ಹೋಗಿದ್ಯಾ ಅಂತ ಪೆಟ್ ಸ್ಕ್ಯಾನ್ ಹೇಳುತ್ತೆ. ಅಲ್ಲೇ ಅಕ್ಕಪಕ್ಕಕ್ಕೆ ಹರಡಿದ್ಯಾ ಅಂತ ಎಂಆರ್‌ಐ ಹೇಳುತ್ತೆ. ಎರಡನ್ನೂ ಒಟ್ಟಿಗೆ ಇಟ್ಕೊಂಡು ನೋಡಿದ್ಮೇಲೇ ಆಪರೇಷನ್ನೋ ರೇಡಿಯೇಷನ್ನೋ ಅಂತ ತೀರ್ಮಾನ. ಪಕ್ಕಕ್ಕೆ ಹರಡಿದ್ರೆ ಕೊಯ್ಯೋ ಹಾಗಿಲ್ಲ."

ಆ ಕೋಣೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ನಾನು ಎಲ್ಲರೂ ಇದ್ದೆವು. ಮಾವ ತಲೆಯಾಡಿಸಿದರು. ನನ್ನ ಗಂಡ "ಸರಿ ಮೇಡಂ" ಎಂದ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಈ ಇಬ್ಬರಿಗೂ ಆ ಮಾತು ಕೇಳಿಸಿಯೇ ಇರಲಿಲ್ಲವಂತೆ.

ಮೊದಲು ಪೆಟ್ ಸ್ಕ್ಯಾನ್ ಆಯಿತು. ಮೈಗೆ ಏರಿಸುವ ಔಷಧಿಯಲ್ಲಿ ಸ್ವಲ್ಪ ವಿಕಿರಣ ಇರುತ್ತದೆ, ಇವತ್ತೊಂದು ದಿನ ಬಸುರಿಯರ ಹತ್ತಿರ, ಸಣ್ಣ ಮಕ್ಕಳ ಹತ್ತಿರ ಹೋಗಬೇಡಿ, ನೀರು ಚೆನ್ನಾಗಿ ಕುಡಿಯಿರಿ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರು. ಸಂಜೆ ಬಂದವರೇ ಅತ್ತೆ ಅಂಗಳದಿಂದಲೇ ಕೂಗಿದರು: "ಒಳಗಿರಮ್ಮಿ! ಆಚೆ ಬಂದ್ರೆ ಕಾಲು ಮುರಿತೀನಿ!" ತಾವೇ ಹೋಗಿ ಎದುರಿನ ಕೊಟ್ಟಿಗೆಯಲ್ಲಿ, ಹಸು ಕಟ್ಟುವ ಜಾಗದ ಪಕ್ಕ, ಮಂಚ ಹಾಕಿಕೊಂಡು ಮಲಗಿದರು. ನನ್ನ ಮಗುವಿಗೆ ಏನೂ ಆಗಬಾರದೆಂದು ಮನೆಯಲ್ಲಿ ಯಾರೂ ಹೇಳದೆಯೇ ಅವರು ಅಷ್ಟು ಮಾಡಿದರು.

ಮಾರನೇ ದಿನ ಅತ್ತೆ ಸ್ನಾನ ಮಾಡಿ ಅಡುಗೆಮನೆಗೆ ಬಂದರೆ ಮಾವ ಬಾಗಿಲಿಗೆ ಅಡ್ಡ ನಿಂತಿದ್ದರು.

"ಬಸುರಿ ಅವ್ಳೆ ಮನೇಲಿ. ನಿನ್ ಮೈಯಾಗೆ ಕರೆಂಟೈತೆ. ಅಲ್ಲೇ ಇರು."

"ಒಂದಿನ ಅಂದ್ರು ಕಣ್ರೀ ಅವ್ರು. ಆಯ್ತಲ್ಲ ಒಂದಿನ."

"ಅವ್ರಂದಂಗೆಲ್ಲ ನಂಬಕ್ಕಾಯ್ತದಾ? ಎರಿಗೆ ಆಗೋಗಂಟ ಅಲ್ಲೇ ಇರು."

ಬಸುರಿ ನಾನು, ನನ್ನನ್ನು ಕೇಳಿ ಎಂದೆ. ಆಸ್ಪತ್ರೆಗೆ ಫೋನ್ ಮಾಡಿ ಕೇಳೋಣ ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಟ್ಟೆ ನನ್ನದು, ಹೆದರಿಕೆ ಮಾತ್ರ ಅವರದು. ಮೂವತ್ತು ವರ್ಷ ಆ ಮನೆಗೆ ಮುದ್ದೆ ತೊಳಸಿದ ಹೆಂಗಸಿಗೆ ತಟ್ಟೆ ಬೇರೆ, ಲೋಟ ಬೇರೆ ಆಯಿತು. ಊಟವನ್ನು ಕೊಟ್ಟಿಗೆಯ ಬಾಗಿಲಲ್ಲಿಟ್ಟು ನನ್ನ ಗಂಡ ದೂರ ಸರಿದು ನಿಲ್ಲುತ್ತಿದ್ದ. ಅವನು ನಂಜನಗೂಡಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು, ಡಿಪ್ಲೊಮಾ ಓದಿದವನು. ಇವತ್ತಿಗೂ ಆ ದೂರ ನೆನಪಾದರೆ ನನಗೆ ಮೈ ಉರಿಯುತ್ತದೆ.

ಪೆಟ್ ಸ್ಕ್ಯಾನಿನ ರಿಪೋರ್ಟ್ ಬಂತು. ಕಾಯಿಲೆ ದೂರಕ್ಕೆ ಹೋಗಿರಲಿಲ್ಲ. "ಒಳ್ಳೇದಾಯ್ತು. ಆದ್ರೆ ಇದು ಅರ್ಧ ಅಷ್ಟೇ. ಎಂಆರ್‌ಐ ಬಿಡ್ಬೇಡಿ" ಎಂದು ಡಾಕ್ಟರು ಮುಂದಿನ ವಾರಕ್ಕೆ ದಿನ ಕೊಟ್ಟರು. ಮನೆಗೆ ಬಂದ ಮಾವ ಚಪ್ಪಲಿ ಬಿಡುತ್ತಲೇ "ಇನ್ನೊಂದು ಸಲ ಕರೆಂಟ್ ತುಂಬಿಸ್ಕೊಂಡು ಬರಾದು ಬ್ಯಾಡ" ಎಂದರು. ಎಂಆರ್‌ಐನಲ್ಲಿ ವಿಕಿರಣವೇ ಇಲ್ಲ, ಅದು ಬರೀ ಆಯಸ್ಕಾಂತ ಎಂದು ನಾನು ಎಷ್ಟು ಬಡಿದುಕೊಂಡೆನೋ ದೇವರಿಗೇ ಗೊತ್ತು. "ನಿನಗೇನು ಗೊತ್ತು, ಸುಮ್ನಿರು" ಎಂದ ನನ್ನ ಗಂಡ. ಎರಡು ದಿನ ಬಿಟ್ಟು, ಇಲ್ಲಿದ್ದರೆ ಮಗುವಿಗೆ ಒಳ್ಳೆಯದಲ್ಲ ಎಂದು ನನ್ನನ್ನು ತವರಿಗೆ ಕಳಿಸಿದರು. ಬಸ್ಸು ಹತ್ತುವಾಗಲೂ ಎಂಆರ್‌ಐ ಮಾಡಿಸಿ ಎಂದೇ ಹೇಳಿದೆ. "ಆಯ್ತು ಹೋಗು" ಎಂದ ಗಂಡ.

ನನ್ನನ್ನು ಆಚೆ ಕಳಿಸಿ ಅವರು ಮಾಡಿದ್ದು ಇಷ್ಟು. ಒಂದು ನರ್ಸಿಂಗ್ ಹೋಮಿಗೆ ಅತ್ತೆಯನ್ನು ಕರೆದೊಯ್ದರು. ಅಲ್ಲಿಯ ಡಾಕ್ಟರು ಆ ಒಂದೇ ರಿಪೋರ್ಟ್ ನೋಡಿ "ಎಲ್ಲೂ ಹೋಗಿಲ್ವಲ್ಲ, ಗರ್ಭಕೋಶ ತೆಗೆದ್ರೆ ಮುಗೀತು" ಎಂದರಂತೆ. ಎಂಆರ್‌ಐ ಎಲ್ಲಿ ಎಂದು ಕೇಳಲೇ ಇಲ್ಲ. ಓದು ಬಾರದ ಮಾವನಿಗೆ ಹೆದರಿಕೆ ಇತ್ತು ಎನ್ನೋಣ. ಅಷ್ಟೆಲ್ಲ ಓದಿದ ಆ ಡಾಕ್ಟರಿಗೆ ಏನಿತ್ತು? ಅತ್ತೆ ಮಾತ್ರ ಕೇಳಿದರಂತೆ, ಇನ್ನೊಂದು ಸ್ಕ್ಯಾನ್ ಮಾಡಿಸಬೇಕಿತ್ತಲ್ಲ ಎಂದು. "ಮೈಸೂರು ಡಾಕ್ಟ್ರೇ ಬ್ಯಾಡ ಅಂದವ್ರೆ, ಇಲ್ಲೇ ಮಾಡ್ಸಿ ಅಂದವ್ರೆ" ಎಂದು ಮಾವ ಸುಳ್ಳು ಹೇಳಿದರು. ಅಮ್ಮ ಚೆನ್ನಾಗಿದ್ದಾಳೆ, ಆಪರೇಷನ್ ಆಯ್ತು ಎಂದು ನನ್ನ ಗಂಡ ನನಗೆ ಫೋನಿನಲ್ಲಿ ಹೇಳುವಾಗ ಎಲ್ಲ ಮುಗಿದಿತ್ತು.

ತವರಿನಲ್ಲೇ ಹೆರಿಗೆಯಾಗಿ, ಮೂರು ತಿಂಗಳ ಮಗಳನ್ನು ಎತ್ತಿಕೊಂಡು ನಾನು ವಾಪಸು ಬಂದೆ. ಇನ್ನೂ ಕೊಟ್ಟಿಗೆಯಲ್ಲೇ ಇದ್ದ ಅತ್ತೆಗೆ ಮತ್ತೆ ರಕ್ತ ಹೋಗುತ್ತಿತ್ತು, ಒಂದು ಕಾಲು ಊದಿತ್ತು. ಅವತ್ತೇ ಹಟ ಹಿಡಿದು ಎಲ್ಲರನ್ನೂ ಮೈಸೂರಿಗೆ ಹೊರಡಿಸಿದೆ. ಆಗ ಎಂಆರ್‌ಐ ಆಯಿತು. ಡಾಕ್ಟರು ಪರದೆಯ ಮೇಲೆ ತೋರಿಸಿದರು.

"ಆಪರೇಷನ್ ರಿಪೋರ್ಟೂ ನೋಡ್ದೆ, ಅವತ್ತೇ ಪಕ್ಕಕ್ಕೆ ಹರಡಿತ್ತು. ಅದನ್ನ ನೋಡದೆ ಅದರ ನಡುವೆಯೇ ಕೊಯ್ದಿದ್ದಾರೆ. ಈ ಸ್ಕ್ಯಾನ್ ಮೊದ್ಲೇ ಆಗಿದ್ರೆ ನಾನು ಕೊಯ್ಯೋಕೆ ಬಿಡ್ತಾನೇ ಇರ್ಲಿಲ್ಲ. ನೇರ ರೇಡಿಯೇಷನ್ ಕೊಟ್ಟಿದ್ರೆ ವಾಸಿಯಾಗೋ ಅವಕಾಶ ಚೆನ್ನಾಗಿತ್ತು."

ಅತ್ತೆ ಕೇಳಿದರು, "ನೀವೇ ಬ್ಯಾಡ ಅಂದ್ರಿ ಅಂದ್ರಲ್ಲವ್ವ ಇವ್ರು?"

"ನಾನಾ? ಬಿಡ್ಬೇಡಿ ಅಂತ ಹೇಳಿ ದಿನ ಕೊಟ್ಟಿದ್ದೆ."

ಮಾವ ಕಿಟಕಿ ಕಡೆ ನೋಡುತ್ತಿದ್ದರು. ಅತ್ತೆ ಎದ್ದು ಆಚೆ ನಡೆದರು. ಹೊರಗಿನ ಬೆಂಚಿನ ಮೇಲೆ ಕೂತ ಮೇಲೆ, ಅಷ್ಟು ಜನರ ಎದುರಿಗೆ, ಗಂಟಲು ಹರಿಯುವಂತೆ ಕೇಳಿದರು: "ಸಂತೇಲಿ ಬದನೆಕಾಯ ನಾಲ್ಕು ಸುತ್ತ ತಿರುಗ್ಸಿ ನೋಡ್ದೆ ಕೊಳ್ಳಾಕಿಲ್ಲ ನಾನು. ನನ್ನ ಒಟ್ಟೇನ ನೋಡ್ದೆ ಕುಯ್ಸಿಬುಟ್ರಲ್ಲ! ಬದನೆಕಾಯಿಗಿಂತ ಕಡೆಯಾದ್ನಾ ನಾನು?" ಒಬ್ಬ ನರ್ಸ್ ಓಡಿ ಬಂದರು. ನಾನು ಅವರನ್ನು ತಡೆದೆ. ಅತ್ತೆ ಬೈದು ಮುಗಿಸಲಿ ಎಂದೆ.

ಊರಿಗೆ ಬಂದಾಗ ಮಾವ ಅಂಗಳದಲ್ಲಿ ನಿಂತು ಮೆಲ್ಲಗೆ "ಒಳಕ್ಕೆ ಬಾ" ಎಂದರು. "ಯಾಕೆ, ಕರೆಂಟು ಓಯ್ತಾ?" ಎಂದು ಕೇಳಿ ಅತ್ತೆ ಸೀದಾ ಕೊಟ್ಟಿಗೆಗೆ ನಡೆದರು. ಅಲ್ಲಿಂದ ಮುಂದೆ ಆ ಮನೆಯ ಹೊಸಲು ದಾಟಲಿಲ್ಲ. ರೇಡಿಯೇಷನ್ನಿಗೆ ಮೈಸೂರಿಗೆ ಹೋಗುವುದು, ಬಂದು ಕೊಟ್ಟಿಗೆಯಲ್ಲಿ ಮಲಗುವುದು. ನೆಂಟರು ಬಂದರೆ ಅಲ್ಲೇ ಕೂರಿಸಿಕೊಳ್ಳುತ್ತಿದ್ದರು. ಮಳೆ ಬಂದಾಗ ನನ್ನ ಗಂಡ ಅಳುತ್ತಾ ಕರೆದ. "ತಟ್ಟೆ ಅಲ್ಲಿಟ್ಟು ದೂರ ನಿಂತ್ಕೊ ಓಗು" ಎಂದರು. ಮಗನೆಂದು ಕರಗಲಿಲ್ಲ. ಸರಿಯಾಗಿಯೇ ಮಾಡಿದರು ಎಂದು ನಾನು ಈಗಲೂ ಹೇಳುತ್ತೇನೆ.

ನಾನು ಮಗಳನ್ನು ಎತ್ತಿಕೊಂಡು ಅಲ್ಲೇ ಇರುತ್ತಿದ್ದೆ. ಅಷ್ಟು ನೋವಿನಲ್ಲೂ ನನ್ನ ಸಾರಿಗೆ ಉಪ್ಪು ಹೆಚ್ಚು, ಮಗುವಿಗೆ ಎಣ್ಣೆ ಕಮ್ಮಿ ಎಂದು ತಪ್ಪು ಹುಡುಕುತ್ತಿದ್ದರು. ಒಂದು ಮಧ್ಯಾಹ್ನ ಮಗು ಅವರ ಎದೆಯ ಮೇಲೆ ನಿದ್ದೆ ಹೋಗಿತ್ತು. "ಇದ್ರ ಹೆಸ್ರೇಳಿ ನನ್ನ ಆಚಿಗಾಕುದ್ರು" ಎಂದರು ಅದರ ತಲೆ ಸವರುತ್ತಾ. "ಇದ್ಕೇನು ಗೊತ್ತು ಪಾಪ." ಆಮೇಲೆ ನನ್ನ ಕಡೆ ತಿರುಗಿ, "ನೀನು ಜಗಳ ಆಡಾದ ಮಾತ್ರ ಬುಡಬ್ಯಾಡ ಕಣಮ್ಮಿ. ನಾನು ಕೇಳಾದು ಅದೊಂದೇಯ" ಎಂದರು.

ಒಂದೂವರೆ ವರ್ಷ ಹಾಗೆ ನವೆದರು. ಚಳಿಗಾಲದ ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಉಸಿರಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ. ಅತ್ತೆಗಾಗಿ ಸೊಸೆ ಹಾಗೆ ಅಳುವುದನ್ನು ಆ ಬೀದಿ ನೋಡಿರಲಿಲ್ಲ.

ಸುದ್ದಿ ಹರಡಿ ಜನ ಸೇರತೊಡಗಿದ ಕೂಡಲೇ ಮಾವ ನಾಲ್ಕು ಗಂಡಸರನ್ನು ಕರೆದರು. ಮಂಚದಿಂದ ಎತ್ತಿ ನಡುಮನೆಗೆ ತಂದು ಮಲಗಿಸಬೇಕೆಂದರು. ಅವರು ಎತ್ತಿಕೊಂಡು ಬರುವಷ್ಟರಲ್ಲಿ ನಾನು ಮಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತೆ.

"ಒಳಗೆ ಬೇಡ ಮಾವ."

"ಏನವ್ವ ಇದು? ಮನೆ ಯಜಮಾನಿ ಅವ್ಳು. ಕೊಟ್ಟಿಗೇಲಿ ಮಲಗ್ಸಿದ್ರೆ ಜನ ಏನಂದಾರು?"

"ಏನಾದ್ರೂ ಅನ್ನಲಿ. ಬದುಕಿದ್ದಾಗ ಒಳಗೆ ಬಿಡಲಿಲ್ಲ ನೀವು. ಸತ್ತ ಮೇಲೆ ನಿಮ್ಮ ಮಾನ ಉಳಿಸೋಕೆ ಅವರು ಒಳಗೆ ಬರಬೇಕಾ?"

ನನ್ನ ಗಂಡ ನನ್ನ ಕೈ ಹಿಡಿದು ಎಳೆದ. ಕೊಡವಿಕೊಂಡೆ. ಎತ್ತಿಕೊಂಡಿದ್ದವರು ಅಂಗಳದ ನಡುವೆ ನಿಂತು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ತಿರುಗಿ ಕೊಟ್ಟಿಗೆಯ ಮುಂದೆಯೇ ಚಾಪೆಯ ಮೇಲೆ ಮಲಗಿಸಿದರು. ಅತ್ತೆಯ ತವರೂರಾದ ಹದಿನಾರು ಗ್ರಾಮದಿಂದ, ನರಸೀಪುರದಿಂದ ಜನ ಬರುತ್ತಲೇ ಇದ್ದರು. ಯಾಕವ್ವ ಇಲ್ಲಿ ಮಲಗಿಸಿದ್ದೀರಿ ಎಂದು ಒಬ್ಬೊಬ್ಬರೂ ಕೇಳಿದರು. ಮೈಸೂರಿನ ಡಾಕ್ಟರು ಏನು ಹೇಳಿದ್ದರು, ಇವರು ಏನು ಮಾಡಿದರು ಎಂಬುದನ್ನು ಮೊದಲಿಂದ ಕೊನೆಯವರೆಗೆ ಕೇಳಿದವರಿಗೆಲ್ಲ ಹೇಳಿದೆ. ಮಾವ ತಲೆ ತಗ್ಗಿಸಿಕೊಂಡು ಅಲ್ಲೇ ಕೂತಿದ್ದರು. ಅವರು ಕೇಳಿಸಿಕೊಳ್ಳಲಿ ಎಂದೇ ಪ್ರತಿ ಸಲವೂ ಗಟ್ಟಿಯಾಗಿ ಹೇಳಿದೆ.