ಮುನಿವೆಂಕಟಮ್ಮನ ಹೊರಗೋಡೆ

ಬಿಟಿಎಂ ಲೇಔಟಿನ ಸೈಟುಗಳು ನಾಲ್ಕೂ ಕಡೆಯಿಂದ ಮುತ್ತಿಕೊಂಡಾಗ ನಮ್ಮ ಸುದ್ದಗುಂಟೆಪಾಳ್ಯ ನಡುವೆ ದ್ವೀಪದಂತೆ ಉಳಿಯಿತು. ಆ ದ್ವೀಪಕ್ಕೊಬ್ಬ ಚಿತ್ರಗಾರನಿದ್ದ, ಚಿಕ್ಕಬೈರಪ್ಪ. ವಾರವೆಲ್ಲ ಜಯನಗರದ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ. ಭಾನುವಾರ, ಉಳಿದ ಬಣ್ಣ ತಂದು ನಮ್ಮ ಹೊರಗೋಡೆಗಳ ಮೇಲೆ ನಮ್ಮನ್ನೇ ಬರೆಯುತ್ತಿದ್ದ. ದೇವರನ್ನು ಬರಿ ಎಂದರೆ, "ದೇವ್ರುನ್ನ ನಾನೆಲ್ಲಿ ನೋಡಿದೀನಿ? ನಿನ್ನ ದಿನಾ ನೋಡ್ತೀನಿ, ನಿಂತ್ಕೊ" ಎನ್ನುತ್ತಿದ್ದ. ಸೊಪ್ಪಿನ ಹೊರೆ ಹೊತ್ತವರನ್ನು ಬರೆದ. ಸೊಪ್ಪಿನ ತೋಟ ಸೈಟಾದ ಮೇಲೆ ಅದೇ ಜನ ಇಟ್ಟಿಗೆ ಹೊರುವುದನ್ನು ಬರೆದ, ಅವರ ಹೆಣ್ಣುಮಕ್ಕಳು ಗಾರ್ಮೆಂಟ್ಸಿಗೆ ಓಡುವುದನ್ನು ಬರೆದ. ಓದಿದವರು ಏನೇ ಅನ್ನಲಿ, ಅವನಿಗಿಂತ ದೊಡ್ಡ ಕಲಾವಿದನನ್ನು ನಾನು ಕಂಡಿಲ್ಲ.

ಪ್ರತಿ ಯುಗಾದಿಗೂ ಸುಣ್ಣ ಬಳಿದು ಅವನ ಚಿತ್ರಗಳನ್ನು ಅಳಿಸುತ್ತಿದ್ದೆವು. ಅವನಿಗೆ ಬೇಸರವಿಲ್ಲ, ಹೊಸದಕ್ಕೆ ಜಾಗವಾಯಿತೆಂದು ಖುಷಿ.

ಮುನಿವೆಂಕಟಮ್ಮ ಮಾತ್ರ ಎರಡು ವರ್ಷ ಗೋಡೆಗೆ ಸುಣ್ಣ ಮುಟ್ಟಿಸಲಿಲ್ಲ. ಅಲ್ಲಿ ತೀರಿಹೋದ ಗಂಡ ಯಲ್ಲಯ್ಯನನ್ನು ಅವನು ಬದುಕಿದ್ದಾಗ ಬರೆದ ಚಿತ್ರವಿತ್ತು. ಅವನದೊಂದು ಫೋಟೋ ಕೂಡ ಅವಳಲ್ಲಿರಲಿಲ್ಲ. ೧೯೮೪ರಲ್ಲಿ ಮಗಳು ಅಂಕಮ್ಮನ ಮದುವೆ ಗೊತ್ತಾಯಿತು. ಮದುವೆ ಮನೆಗೆ ಸುಣ್ಣ ಬಳಿಯದೆ ಉಂಟೆ?

"ಸುಣ್ಣ ಬಳ್ದ್ಮೇಲೆ ಅವ್ರನ್ನ ಇನ್ನೊಂದ್ಸಲ ಬರ್ಕೊಡಣ್ಣ," ಎಂದು ಬೇಡಿಕೊಂಡಳು.

"ಎದುರಿಗಿಲ್ದೋರ್ನ ಬರ್ದ್ರೆ ಅದು ಯಲ್ಲಯ್ಯ ಆಗಲ್ಲಮ್ಮ, ಯಾರೋ ಆಗ್ತಾನೆ," ಎಂದ ಚಿಕ್ಕಬೈರಪ್ಪ.

ನನಗೆ ಸಿಟ್ಟು ನೆತ್ತಿಗೇರಿತು. ಎಂಥ ಕಲ್ಲುಮನಸ್ಸಯ್ಯ ನಿನ್ನದು ಎಂದು ಮುಖಕ್ಕೇ ಬೈದೆ.

ಮದುವೆಗೆ ಎರಡು ದಿನವಿರುವಾಗ ಅವಳೇ ಸುಣ್ಣದ ಮಡಕೆ ಹಿಡಿದಳು. ಇಡೀ ಗೋಡೆ ಬಳಿದಳು, ಗಂಡನೊಬ್ಬನನ್ನು ಬಿಟ್ಟು. ಅವನ ಸುತ್ತಲ ಅಂಚಿಗೆ ಬೆರಳಲ್ಲೇ ಹಚ್ಚಿದಳು. ಯಲ್ಲಯ್ಯ ಬಿಂದಿಗೆ ಬಗ್ಗಿಸಿ ಸೊಪ್ಪಿನ ಮಡಿಗೆ ನೀರು ಹಾಕುತ್ತಿದ್ದ ಚಿತ್ರ ಅದು. ಮಡಿ ಸುಣ್ಣದಡಿ ಹೋಗಿತ್ತು, ನೀರು ಬರೀ ಬಿಳಿಗೋಡೆಯ ಮೇಲೆ ಬೀಳುತ್ತಿತ್ತು. ನೋಡಿದವರು ಮುಸಿಮುಸಿ ನಕ್ಕರು.

ಮದುವೆಯ ದಿನ ಅಪ್ಪನ ಜಾಗದಲ್ಲಿ ನಿಂತು ಅಂಕಮ್ಮನ ದೊಡ್ಡಪ್ಪ ಉಗ್ರಪ್ಪ ಧಾರೆ ಎರೆದ. ವಿಧವೆಯೆಂದು ಮುನಿವೆಂಕಟಮ್ಮ ಆ ಹೊತ್ತಿನಲ್ಲಿ ಒಳಗೇ ಉಳಿದಳು; ಕರೆಯುವ ಧೈರ್ಯ ನಮಗ್ಯಾರಿಗೂ ಆಗಲಿಲ್ಲ, ನಾಚಿಕೆಗೇಡು. ಚಿಕ್ಕಬೈರಪ್ಪ ಮುಂದೆ ಕೂತು ವಧೂವರರ ಕೈಗಳನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಊಟಕ್ಕೂ ಕೂರದೆ ಬಣ್ಣ ತಂದ. ಯಲ್ಲಯ್ಯನನ್ನು ಮುಟ್ಟಲಿಲ್ಲ. ಅವನು ಸುರಿಯುತ್ತಿದ್ದ ನೀರಿನ ಕೆಳಗೆ ಅಂಕಮ್ಮನ ಅರಿಶಿನದ ಕೈಗಳನ್ನೂ ಗಂಡಿನ ಕೈಗಳನ್ನೂ ಒಂದರ ಮೇಲೊಂದು ಬರೆದ.

ಮುನಿವೆಂಕಟಮ್ಮನನ್ನು ಹೊರಗೆ ಕರೆದದ್ದು ಅವನೇ. ಅವಳು ಗೋಡೆಯ ಮುಂದೆ ಬಂದು ನಿಂತಳು.

"ಧಾರೆ ನೋಡ್ದೆ ಕಣಣ್ಣ," ಎಂದಳು. "ಅವ್ರೇ ಎರುದ್ರು."