ಹಳಿ ಕಿತ್ತ ಹಾದಿ

ಮಾವ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದು ನಿವೃತ್ತರಾದವರು. ಮಗಳ ಹೆರಿಗೆಗೆಂದು ಉಡುಪಿಯಿಂದ ಕೊಲ್ಲಿ ದೇಶಕ್ಕೆ, ಅಲ್ ಬರ್ಷಾದ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಅತ್ತೆ ತೀರಿಹೋಗಿದ್ದರಿಂದ ನನ್ನ ಹೆಂಡತಿಗೆ ಹಿರಿಯರೆಂದು ಉಳಿದದ್ದು ಅವರೊಬ್ಬರೇ. ಹೆರಿಗೆಗೆ ಇನ್ನೂ ಎರಡು ತಿಂಗಳಿತ್ತು. ಅಷ್ಟರಲ್ಲೇ ಅವರು, "ಬೇಜಾರು, ಟಿಕೆಟ್ ಮುಂಚಿನ ತಾರೀಕಿಗೆ ಮಾಡಿಸಿ" ಎಂದು ಶುರು ಮಾಡಿದರು. ಹೆಂಡತಿ ಬಚ್ಚಲಲ್ಲಿ ಅತ್ತು ಬಂದು, "ಏನಾದರೂ ಮಾಡಿ ಅಪ್ಪನನ್ನು ನಿಲ್ಲಿಸಿ" ಎಂದಳು.

ರೈಲಿನವರಿಗೆ ರೈಲು ಬೇಕು ಎಂದು ತರ್ಕಿಸಿ ಮೆಟ್ರೋ ಹತ್ತಿಸಿದೆ.

"ಡ್ರೈವರ್ ಇಲ್ಲ, ಗಾರ್ಡ್ ಇಲ್ಲ. ಇದು ರೈಲಲ್ಲ ಮಾರಾಯ್ರೆ, ಲಿಫ್ಟು. ಅಡ್ಡ ಹೋಗ್ತದೆ, ಅಷ್ಟೆ," ಎಂದರು ಮಾವ.

ಆಗ ನನಗೆ ನೆನಪಾಯಿತು. ಊರಾಚೆ ಅಲ್ ಐನಿಗೆ ಹೋಗುವ ದಾರಿಯಲ್ಲಿ ಹಳೇ ರೈಲುಮಾರ್ಗವೊಂದರ ಹಳಿ ಕಿತ್ತು ನಡೆಯುವವರಿಗೆ ಹಾದಿ ಮಾಡಿದ್ದಾರೆ. ಏರಿಯ ಮೇಲೆ ನೇರ ದಾರಿ, ಕೊನೆಗೆ ಟೀ ಅಂಗಡಿಯಾದ ಸ್ಟೇಷನ್ನು.

"ಈ ದೇಶದಲ್ಲಿ ಹಳೇ ರೈಲಾ?" ಹೆಂಡತಿ ಕೇಳಿದಳು.

"ನಾನೇ ಅಲ್ಲಿ ನಡೆದಿದ್ದೇನೆ," ಎಂದೆ. ಪುರಾವೆಯಿಲ್ಲದೆ ದೇವರನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ನನ್ನ ತಲೆಯಿಂದ ಮಾತ್ರ ಪುರಾವೆ ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಾವನನ್ನು ಕರೆದುಕೊಂಡು ಹೊರಟೆ. ಮರಳಿನ ನಡುವೆ ಹಾದಿಯೇನೋ ಸಿಕ್ಕಿತು, ಸೈಕಲಿನವರದ್ದು. ಏರಿಯಿಲ್ಲ, ಸ್ಟೇಷನ್ನಿಲ್ಲ. ಬೇಲಿಯಾಚೆ ಒಂದು ಒಂಟೆ ನಮ್ಮನ್ನು ನೋಡುತ್ತಾ ಅಗಿಯುತ್ತಿತ್ತು. ಸುಮಾರು ದೂರ ನಡೆದ ಮೇಲೆ, ಆ ಟೀ ಅಂಗಡಿಯಲ್ಲಿ ಕೂತು ಒದ್ದೆಯಾದ ಉಣ್ಣೆಯ ಕೈಗವಸು ಹಿಂಡಿದ್ದು ನೆನಪಿಗೆ ಬಂತು. ಈ ಮರಳುಗಾಡಿನಲ್ಲಿ ಉಣ್ಣೆಯ ಕೈಗವಸು! ನಾನು ನಡೆದದ್ದು ಓದಲು ಹೋಗಿದ್ದ ಇಂಗ್ಲೆಂಡಿನಲ್ಲಿ.

"ಮಾವ, ತಪ್ಪಾಯಿತು. ಇಲ್ಲಿ ಯಾವ ರೈಲೂ ಓಡಿಲ್ಲ."

"ಒಳ್ಳೇದಾಯ್ತು," ಎಂದರು, ನಿಲ್ಲದೆ ನಡೆಯುತ್ತಲೇ. "ಇಡೀ ಸರ್ವಿಸು ಗೂಡ್ಸಿನ ಕೊನೇ ಡಬ್ಬಿ, ಆ ಬ್ರೇಕ್ ವ್ಯಾನಿನಲ್ಲಿ ಒಬ್ಬನೇ ಕುಲುಕಿ ಕುಲುಕಿ ಸತ್ತಿದ್ದೇನೆ. ಇಲ್ಲಿಗೆ ಬಂದರೆ ನೀವೂ ರೈಲೇ ತೋರಿಸ್ತೀರಿ. ಹಳಿ ಕಿತ್ತಿದ್ದಾರೆ ಅಂದಿರಲ್ಲ, ಅದಕ್ಕೇ ಬಂದೆ. ನಿಮ್ಮ ಮನೆಯಲ್ಲಿ ಸೋಫಾದಿಂದ ಫ್ರಿಜ್ಜಿನವರೆಗೆ ಎಷ್ಟು ಸಲ ನಡೀಲಿಕ್ಕಾಗ್ತದೆ?"

"ಹಾಗಾದರೆ ಟಿಕೆಟ್ಟು?"

ನನ್ನ ಫೋನು ಕಸಿದುಕೊಂಡು ಮಗಳ ಜೊತೆ ಮಾತಾಡಿದರು. "ನಡೀಲಿಕ್ಕೆ ಜಾಗ ಸಿಕ್ಕಿತು ಮಗಾ. ಹೆರಿಗೆ ಮುಗಿಸಿಯೇ ಹೋಗ್ತೇನೆ. ಶುಕ್ರವಾರ ಶುಕ್ರವಾರ ನಿನ್ನ ಗಂಡ ಕರಕೊಂಡು ಬರಲಿ. ಮತ್ತೆ, ಸ್ಕ್ಯಾನಿಂಗಿಗೆ ಹೋಗುವಾಗ ಇವರ ತಲೆಯದ್ದೂ ಒಂದು ತೆಗೆಸು."

ನಾನು ಇಲ್ಲಿ ಹೇಳಿದ್ದರಲ್ಲಿ ಹೆಂಡತಿ ನಿಜವೆಂದು ಒಪ್ಪುವುದು ಅಪ್ಪನ ಆ ಕೊನೆಯ ವಾಕ್ಯವೊಂದನ್ನೇ.